ಮೋರಿಗೆ ಬಿಟ್ಟ ಎಣ್ಣೆ

ಓಣಿಯ ಮೋರಿ ಮತ್ತೆ ಕಟ್ಟಿಕೊಂಡಿತು. ಈ ಸಲ ನೀರು ಕೆಳಮನೆಯ ದರ್ಜಿಯ ಹೊಸ್ತಿಲು ದಾಟಿ ಒಳಗೇ ಬಂತು. ಹೊಲಿಗೆ ಯಂತ್ರದ ಕೆಳಗೆ ಬಿದ್ದಿದ್ದ ಬಟ್ಟೆಯ ಚೂರುಗಳು ತೇಲಿಕೊಂಡು ಹಾಸಿಗೆಯ ಪಕ್ಕಕ್ಕೆ ಬಂದವು. ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟ ದರ್ಜಿಗೆ ಮೊದಲು ತಣ್ಣಗಾಯಿತು, ಆಮೇಲೆ ವಾಸನೆ ಬಂತು.

ಅದು ಇಕ್ಕಟ್ಟಾದ ಓಣಿ. ಮುಂದಿನ ಬೀದಿಯ ತಿಂಡಿ ಅಂಗಡಿಗಳ ಹಿಂಬಾಗಿಲುಗಳು ಒಂದು ಕಡೆ, ಒಂದೊಂದೇ ಕೋಣೆಯ ಮನೆಗಳು ಇನ್ನೊಂದು ಕಡೆ, ನಡುವೆ ಚಪ್ಪಡಿ ಮುಚ್ಚಿದ ಮೋರಿ. ಅಂಗಡಿ ತೊಳೆದದ್ದು, ಮನೆ ತೊಳೆದದ್ದು ಎಲ್ಲವೂ ಅದರಲ್ಲೇ ಹೋಗಬೇಕು. ಹೋಗದಿದ್ದಾಗ ಎಲ್ಲರೂ ಕೂಗುವುದು ಒಬ್ಬನನ್ನೇ. ಅವನು ನೈರ್ಮಲ್ಯ ಕಚೇರಿಯ ಕೆಲಸಗಾರ, ಇದೇ ಓಣಿಯಲ್ಲಿ ಇರುವವನು. ಜನರ ಬಾಯಲ್ಲಿ ಮೋರಿಯಣ್ಣ. ಅವನ ಹೆಂಡತಿಗೆ ಮುಂದಿನ ಬೀದಿಯಲ್ಲಿ ಕರಿದ ತಿಂಡಿಯ ಸಣ್ಣ ಅಂಗಡಿ. ಅವಳು ಬಾಣಲೆ ಅಕ್ಕ, ಹಾಗಾಗಿ ದರ್ಜಿಯ ಬಾಯಲ್ಲಿ ಮೋರಿಯಣ್ಣ ಭಾವ.

ಮೋರಿಯಣ್ಣ ಸಲಾಕೆ ಹಿಡಿದು ಬಂದಾಗ ದರ್ಜಿ ಪ್ಯಾಂಟು ಮಡಚಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಬನ್ನಿ ಭಾವ. ಮನೆಯೊಳಗೇ ದೋಣಿ ಬಿಡೋ ಯೋಗ ಬಂದಿದೆ ನನಗೆ."

"ಪ್ಯಾಂಟು ಮಡಚಿ ರೆಡಿಯಾಗಿದ್ದೀಯಲ್ಲ. ನೀನೇ ಹುಟ್ಟು ಹಾಕು," ಅಂದ ಮೋರಿಯಣ್ಣ.

ಚಪ್ಪಡಿ ಎತ್ತಿ ಸಲಾಕೆ ತೂರಿಸಿದ. ಒಂದು ಮಾರು ಹೋಗಿ ಅದು ನಿಂತಿತು. ಕಲ್ಲಿಗೆ ತಗುಲಿದ ಸದ್ದಲ್ಲ, ಮರದ ದಿಮ್ಮಿಗೆ ತಗುಲಿದಂಥ ಮೊದ್ದು ಸದ್ದು. ಎಷ್ಟು ಕುಟ್ಟಿದರೂ ಕದಲಲಿಲ್ಲ. ಅವನು ಹೊಟ್ಟೆಯ ಮೇಲೆ ಮಲಗಿ, ತೋಳನ್ನು ಭುಜದವರೆಗೆ ಒಳಗಿಳಿಸಿದ.

"ಭಾವ, ಗ್ಲೌಸ್ ಎಲ್ಲಿ?"

"ಬರುತ್ತೆ ಅಂತ ಕಚೇರಿ ಮೇಸ್ತ್ರಿ ಹೇಳಿದ್ದಾನೆ."

"ಯಾವಾಗ ಹೇಳಿದ?"

"ನನ್ನ ಮದುವೆಗೆ ಮುಂಚೆ." ಮುಖ ಒಂದು ಕಡೆ ತಿರುಗಿಸಿಕೊಂಡೇ ಮೋರಿಯಣ್ಣ ಎಳೆಯುತ್ತಿದ್ದ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ, ನನ್ನ ಕೈ ಕೆಸರಾಗಿ ಒಂದು ಕಾಲ ಆಯ್ತು. ಮೊಸರು ಯಾವ ಮೋರೀಲಿ ಸಿಕ್ಕಿಕೊಂಡಿದೆಯೋ ನೋಡ್ತಾ ಇದ್ದೀನಿ."

ಹೊರಗೆ ಬಂದದ್ದು ಬೂದು ಬಿಳುಪಿನ ಗಡ್ಡೆ. ಮೇಣದ ಹಾಗೆ ಗಟ್ಟಿ, ಕೂದಲು, ಚಿಂದಿ, ಸಿಪ್ಪೆ ಎಲ್ಲ ಅದರೊಳಗೆ ಹೂತಿದ್ದವು. ಅದರ ಹಿಂದೆ ಇನ್ನೊಂದಿತ್ತು. ಅದನ್ನು ಎಳೆಯುವಾಗ ಅವನ ಮುಖ ಕಿವುಚಿತು. ಕೈ ಹೊರಗೆ ತೆಗೆದ. ಗಡ್ಡೆಯೊಳಗೆ ಒಡೆದ ಗಾಜಿತ್ತು. ಅಂಗೈಯಲ್ಲಿ, ಕೊನೆಯ ಎರಡು ಬೆರಳುಗಳ ಬುಡದಲ್ಲಿ, ಚರ್ಮ ಬಾಯಿ ಬಿಟ್ಟಿತ್ತು. ದರ್ಜಿ ಒಂದು ಚಿಂದಿ ಕೊಟ್ಟ. ಮೋರಿಯಣ್ಣ ನಲ್ಲಿಯಲ್ಲಿ ಕೈ ತೊಳೆದು, ಚಿಂದಿ ಸುತ್ತಿ, ಉಳಿದ ಗಡ್ಡೆಗಳನ್ನೂ ತೆಗೆದ. ಎಲ್ಲವನ್ನೂ ಓಣಿಯ ತುದಿಯಲ್ಲಿ ರಾಶಿ ಹಾಕಿದ. ನೀರು ಗೊಳ್ಳೆಂದು ಇಳಿದುಹೋಯಿತು.

ಆ ಸಂಜೆ ಅಂಗಡಿ ಮುಚ್ಚುವಾಗ ಬಾಣಲೆ ಅಕ್ಕ ಎಂದಿನಂತೆ ಬಾಣಲೆಯನ್ನು ಎರಡು ಚಿಂದಿಯಲ್ಲಿ ಹಿಡಿದು ಹಿಂಬಾಗಿಲಿಗೆ ಬಂದಳು. ಕಪ್ಪಗೆ ಬೆಂದ ಎಣ್ಣೆ ಇನ್ನೂ ಬಿಸಿಯಿತ್ತು. ಚಪ್ಪಡಿಯ ಸಂದಿನಲ್ಲಿ ಅದನ್ನು ಮೆಲ್ಲಗೆ ಬಿಟ್ಟಳು, ಒಂದು ಹನಿಯೂ ಆಚೆ ಚೆಲ್ಲದ ಹಾಗೆ.

ಅವಳು ಸೋಮಾರಿಯಲ್ಲ, ಕೊಳಕು ಹೆಂಗಸೂ ಅಲ್ಲ. ಅವಳ ಲೆಕ್ಕವೇ ಬೇರೆ ಇತ್ತು. ಹೊಸ ಬಾಣಲೆಗೆ ಎಣ್ಣೆ ಕುಡಿಸಿ ಪಳಗಿಸಿದರೆ ಹಿಟ್ಟು ಅಂಟುವುದಿಲ್ಲ. ಇದು ಕರಿಯುವವರ ಮನೆಯ ಮೊದಲ ಪಾಠ. ಮೋರಿಯೂ ಹಾಗೇ ಎಂದು ಅವಳು ನಂಬಿದ್ದಳು. ದಿನಾ ಬಿಸಿ ಎಣ್ಣೆ ಹರಿದರೆ ಕಲ್ಲು ನುಣ್ಣಗಾಗುತ್ತದೆ, ಕಸ ಜಾರಿಕೊಂಡು ಹೋಗುತ್ತದೆ, ಗಂಡ ಬಗ್ಗುವುದು ಒಂದಿಷ್ಟು ಕಡಿಮೆಯಾಗುತ್ತದೆ. ಗಂಡನಿಗೆ ಇದನ್ನು ಹೇಳಿರಲಿಲ್ಲ. ಉಪಕಾರ ಮಾಡಿ ಹೇಳಿಕೊಳ್ಳುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ.

ಕೆಲವು ದಿನಕ್ಕೆ ಮೋರಿಯಣ್ಣನ ಕೈ ಮೊಣಕೈಯವರೆಗೆ ಊದಿತು. ಜ್ವರ ಬಂತು. ಆಸ್ಪತ್ರೆಯಲ್ಲಿ ಗಾಯ ಕೊಯ್ದು, ಕೀವು ತೆಗೆದು, ಪಟ್ಟಿ ಕಟ್ಟಿದರು. ಡಾಕ್ಟರು ನೇರವಾಗಿ ಹೇಳಿದರು:

"ಇದು ಪೂರ್ತಿ ಮಾಗೋವರೆಗೆ ಈ ಕೈ ಮೋರಿ ನೀರಿಗೆ ಇಳೀಬಾರದು. ಇಳಿದ್ರೆ ಆ ಎರಡು ಬೆರಳು ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ."

ಮೇಸ್ತ್ರಿ ಬಂದು ನೋಡಿಕೊಂಡು ಹೋದ. ಅವನೂ ನೇರವಾಗಿಯೇ ಹೇಳಿದ. "ಅಲ್ಲೀತನಕ ಬೀದಿ ಗುಡಿಸು, ನಾನು ನೋಡ್ಕೋತೀನಿ. ಆದ್ರೆ ನಿಮ್ಮ ಓಣಿ ಮೋರಿ ಕಟ್ಟಿದ್ರೆ ಮಾತ್ರ ನೀನೇ ಬರಬೇಕಪ್ಪ. ಅದರ ಮೂಲೆಮುಡುಕು ಬೇರೆ ಯಾರಿಗೂ ಗೊತ್ತಿಲ್ಲ. ಬರಲ್ಲ ಅಂದ್ರೆ ನಿನ್ನ ಜಾಗಕ್ಕೆ ಕಾಯ್ತಾ ಇರೋರು ಬಹಳ ಜನ ಇದ್ದಾರೆ."

ಅಂದರೆ, ಗಾಯ ಮಾಗುವ ಮೊದಲು ಮೋರಿ ಕಟ್ಟಿಕೊಂಡರೆ ಬೆರಳು ಹೋಗುತ್ತದೆ.

ಇದನ್ನು ಕೇಳಿದ ದಿನದಿಂದ ಬಾಣಲೆ ಅಕ್ಕ ಮೋರಿಗೆ ಇನ್ನಷ್ಟು ಎಣ್ಣೆ ಬಿಡತೊಡಗಿದಳು. ಮೊದಲು ಬಾಣಲೆಯ ತಳದ ಮಡ್ಡಿ ಎಣ್ಣೆ ಮಾತ್ರ ಬಿಡುತ್ತಿದ್ದಳು, ಈಗ ಪೂರ್ತಿ ಬಾಣಲೆ.

ಗಂಡನ ತಂಗಿ ನೋಡಿದ್ದು ಅದನ್ನೇ. ಅವಳು ಊರಿನ ಇನ್ನೊಂದು ತುದಿಯಲ್ಲಿ, ಹೆಂಗಸರ ಸಂಘವೊಂದರ ಸಾಬೂನು ಶೆಡ್ಡಿನಲ್ಲಿ ಕೆಲಸ ಮಾಡುವವಳು. ಹಾಸ್ಟೆಲ್ ಅಡುಗೆಮನೆಗಳಿಂದ ಕರಿದ ಎಣ್ಣೆ ತಂದು ಬಟ್ಟೆ ಸೋಪು, ಪಾತ್ರೆ ಸೋಪು ಮಾಡುತ್ತಾರೆ. ಅತ್ತಿಗೆ-ನಾದಿನಿಯದು ಎಣ್ಣೆ-ಸೀಗೆಕಾಯಿ ಸಂಬಂಧ ಎಂದು ಓಣಿಯವರ ಮಾತು. ಅಣ್ಣನನ್ನು ನೋಡಲು ಬಂದವಳು ಹಿಂಬಾಗಿಲಲ್ಲಿ ಹೊಗೆಯಾಡುವ ಬಾಣಲೆ ಬಗ್ಗಿಸುತ್ತಿದ್ದ ಅತ್ತಿಗೆಯನ್ನು ಕಂಡು ನಿಂತಳು.

"ಅತ್ತಿಗೆ, ಅದೇನು ಮಾಡ್ತಾ ಇದ್ದೀರಿ?"

"ಕಣ್ಣು ಕಾಣಲ್ವಾ? ನಿಮ್ಮಣ್ಣನ ಕೈ ಉಳಿಸ್ತಾ ಇದ್ದೀನಿ."

"ಎಣ್ಣೆ ಬಿಟ್ಟು?"

"ಮತ್ತಿನ್ನೇನು, ಮಂತ್ರ ಹಾಕಿ ಉಳಿಸಲಾ? ಎಣ್ಣೆ ಕುಡಿದ ಬಾಣಲೆಗೆ ಏನಾದ್ರೂ ಅಂಟುತ್ತಾ? ಮೋರಿಗೂ ಅಂಟಲ್ಲ. ಜಾರಿ ಹೋಗುತ್ತೆ."

ನಾದಿನಿ ಬಾಣಲೆಯ ತಳ ನೋಡಿದಳು. ಆಮೇಲೆ ಕೇಳಿದಳು: "ನಿಮ್ಮ ಬಾಣಲೆ ಕೆಳಗೆ ಬೆಂಕಿ ಇದೆ ಅತ್ತಿಗೆ. ಮೋರಿ ಕೆಳಗೆ ಯಾರು ಒಲೆ ಹಚ್ಚಿಟ್ಟಿದ್ದಾರೆ?"

"ನಿನ್ನ ವಕೀಲಿ ಮಾತು ನಿಮ್ಮ ಸಂಘದಲ್ಲಿ ಇಟ್ಕೋ."

ನಾದಿನಿ ವಾದ ಮಾಡಲಿಲ್ಲ. ಓಣಿಯ ತುದಿಗೆ ಹೋಗಿ, ರಾಶಿಯಿಂದ ಒಣಗಿದ ಗಡ್ಡೆಯ ಒಂದು ತುಂಡನ್ನು ಕಡ್ಡಿಯಲ್ಲಿ ಎತ್ತಿ, ಹಳೆಯ ತಗಡಿನ ಡಬ್ಬಕ್ಕೆ ಹಾಕಿ ತಂದಳು. ಮನೆಯ ಒಲೆಯ ಮೇಲೆ ಸಣ್ಣ ಉರಿಯಲ್ಲಿಟ್ಟಳು. ಅತ್ತಿಗೆ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತಳು. ಗಡ್ಡೆಯ ಅಂಚು ಬೆವರಿತು. ತಳದಲ್ಲಿ ಕಂದು ಬಣ್ಣದ ಜಿಡ್ಡು ಇಳಿಯಿತು. ಮೊದಲು ಮೋರಿಯ ನಾತ ಬಂತು. ಅದು ಹಾದುಹೋದ ಮೇಲೆ ಬೇರೊಂದು ವಾಸನೆ ಎದ್ದಿತು. ಸೀದ ಈರುಳ್ಳಿ, ಕರಕಲಾದ ಮೆಣಸಿನಕಾಯಿ, ಹಲವು ಸಲ ಕಾದ ಎಣ್ಣೆ.

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಮೋರಿಯಣ್ಣ ಎಚ್ಚರಾಗಿ ಕೇಳಿದ: "ಅಂಗಡಿ ಇನ್ನೂ ಮುಚ್ಚಿಲ್ವೇನೇ? ನಿನ್ನ ಬಾಣಲೆ ವಾಸನೆ ಇಲ್ಲೀವರೆಗೆ ಬರ್ತಾ ಇದೆ."

ಅವನು ಎದ್ದು ಕೂತ. ಡಬ್ಬ ನೋಡಿದ. ಗಡ್ಡೆ ನೋಡಿದ. ಇದನ್ನು ಯಾವಾಗ, ಎಲ್ಲಿ ಎಳೆದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೆಂಡತಿಯ ಕೈಯಲ್ಲಿ ಇನ್ನೂ ಖಾಲಿ ಬಾಣಲೆ ಇತ್ತು.

"ಯಾವಾಗಿಂದ?" ಅಂದ.

"ಅಂಗಡಿ ಇಟ್ಟಾಗಿಂದ," ಅಂದಳು. "ಜಾರಲಿ ಅಂತ ರೀ."

ಅವನು ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

ಮರುದಿನ ಅವಳ ಮುಂದೆ ಒಂದು ಬಾಣಲೆ ಹಳೆ ಎಣ್ಣೆ ಇತ್ತು, ಚೆಲ್ಲಲು ಜಾಗ ಇರಲಿಲ್ಲ. ರಾತ್ರಿ ಅಲ್ಲೇ ಉಳಿದಿದ್ದ ನಾದಿನಿಯ ಮೇಲೆ ಹಾರಿದಳು. "ಮೋರಿಗೆ ಬೇಡ, ಸರಿ. ಮಣ್ಣಿಗೆ ಹಾಕಿದ್ರೆ ನೆಲ ಕೆಡುತ್ತೆ. ಮತ್ತೆ ಮತ್ತೆ ಕಾಯಿಸಿ ಕರಿದ್ರೆ ತಿಂದೋರ ಹೊಟ್ಟೆ ಕೆಡುತ್ತೆ. ತಲೆ ಮೇಲೆ ಸುರ್ಕೊಳ್ಳಲಾ?"

"ಸೋಪು ಮಾಡಿ."

ಮಲಗಿದ್ದಲ್ಲಿಂದಲೇ ಮೋರಿಯಣ್ಣ ನಕ್ಕ. ಆ ನಗುವಿನಲ್ಲಿ ಖುಷಿಯಿರಲಿಲ್ಲ. "ಜಿಡ್ಡು ತೆಗೆಯೋ ಸೋಪನ್ನ ಜಿಡ್ಡಿಂದಲೇ ಮಾಡ್ತೀರಾ? ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯ್ತು."

"ಅಣ್ಣ, ನೀನು ಎಳೆದು ಹಾಕಿದ್ಯಲ್ಲ ಗಡ್ಡೆ, ಅದೂ ಒಂದು ಥರ ಸೋಪೇ," ಅಂದಳು ತಂಗಿ. "ಎಣ್ಣೆ ತಣ್ಣಗಾಗಿ ಮೋರಿ ಗೋಡೆಗೆ ಹತ್ತಿಕೊಳ್ಳುತ್ತೆ. ಸಿಮೆಂಟಿನ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತೆ. ನೀರಲ್ಲಿ ಕರಗದ ಕೆಟ್ಟ ಸೋಪು. ನಾವು ಸುಣ್ಣದ ಬದಲು ಕಾಸ್ಟಿಕ್ ಸೋಡಾ ಹಾಕ್ತೀವಿ. ಅದು ನೀರಲ್ಲಿ ಕರಗೋ ಸೋಪಾಗುತ್ತೆ. ಎಣ್ಣೆ ಹೇಗಿದ್ರೂ ಸೋಪಾಗೋದೇ. ಮೋರಿಯೊಳಗೆ ಆಗಬೇಕಾ, ಹೊರಗೆ ಆಗಬೇಕಾ, ನೀವೇ ಹೇಳಿ."

"ಕಾಸ್ಟಿಕ್ ಹಾಕಿದ್ದನ್ನ ನೈಸರ್ಗಿಕ ಸೋಪು ಅಂತ ಬೋರ್ಡು ಹಾಕ್ಕೊಂಡಿದ್ದೀರಲ್ಲ, ನಾಚಿಕೆ ಆಗಲ್ವಾ?" ಅಂದಳು ಅತ್ತಿಗೆ.

"ಅಳತೆ ಸರಿ ಇದ್ರೆ ಕಾಸ್ಟಿಕ್ಕು ಪೂರ್ತಿ ಎಣ್ಣೆ ಜೊತೆ ಸೇರಿ ಹೋಗುತ್ತೆ, ಸೋಪಲ್ಲಿ ಉಳಿಯಲ್ಲ. ಬಣ್ಣ ಹಾಕಲ್ಲ, ಸೆಂಟು ಹಾಕಲ್ಲ. ಅಳತೆ ತಪ್ಪಿದ್ರೆ ಮಾತ್ರ ನಾಚಿಕೆ ಅಲ್ಲ, ಚರ್ಮ ಹೋಗುತ್ತೆ."

ನಾದಿನಿ ರಜೆಯ ದಿನ ಬಂದು ಹೇಳಿಕೊಟ್ಟಳು. ಆರಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿದರು. ಅಷ್ಟೇ ನೀರು, ಒಂದು ಹಿಡಿ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ಒಂದು ದಿನ ಹಾಗೇ ಬಿಟ್ಟರು. ಕರಕಲೆಲ್ಲ ನೀರಿನ ಜೊತೆ ತಳಕ್ಕಿಳಿದು ಮೇಲೆ ಎಣ್ಣೆ ತಿಳಿಯಾಗಿ ನಿಂತಿತು. ವಾಸನೆಯೂ ತಗ್ಗಿತ್ತು. ಅದನ್ನು ಮೇಲಿಂದ ಎತ್ತಿ ತೂಗಿದರು.

"ಒಂದು ಕಿಲೋ ಎಣ್ಣೆಗೆ ನೂರ ಮೂವತ್ತು ಗ್ರಾಂ ಕಾಸ್ಟಿಕ್ಕು, ಮುನ್ನೂರು ಗ್ರಾಂ ನೀರು. ನೀರನ್ನೂ ತೂಗಬೇಕು," ಅಂದಳು ನಾದಿನಿ. ಇಬ್ಬರೂ ಉದ್ದ ತೋಳಿನ ಅಂಗಿ, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ಬಯಲಿಗೆ ಬಂದರು. ಅತ್ತಿಗೆ ಅಂಗಡಿಯ ಅಲ್ಯೂಮಿನಿಯಂ ಪಾತ್ರೆ ತಂದಾಗ ನಾದಿನಿ ವಾಪಸ್ಸು ಕಳಿಸಿದಳು. "ಕಾಸ್ಟಿಕ್ಕು ಅದನ್ನ ತಿಂದು ಹಾಕುತ್ತೆ, ಕೆಟ್ಟ ಗಾಳಿ ಬರುತ್ತೆ. ಸ್ಟೀಲ್ ತನ್ನಿ. ಆಮೇಲೆ ಆ ಪಾತ್ರೇಲಿ ಅಡುಗೆ ಮಾಡಬಾರದು. ಸೌಟೂ ಅಷ್ಟೇ."

ನೀರಿಗೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವೇ ಉದುರಿಸಿದಳು. ಒಲೆಯಿಲ್ಲದೆ ನೀರು ಕಾದು ಹಬೆಯಾಡಿತು.

"ಯಾವತ್ತೂ ನೀರಿಗೆ ಕಾಸ್ಟಿಕ್ಕು ಹಾಕಬೇಕು. ಕಾಸ್ಟಿಕ್ಕಿಗೆ ನೀರು ಹಾಕಬಾರದು. ಮುಖಕ್ಕೆ ಸಿಡಿಯುತ್ತೆ."

"ಕಾದ ಎಣ್ಣೆಗೆ ನೀರು ಬಿದ್ದ ಹಾಗೆ."

"ಅದಕ್ಕಿಂತ ಕೆಟ್ಟದ್ದು."

ಅದು ಬೆಚ್ಚಗಾಗುವವರೆಗೆ ಕಾದು, ಎಣ್ಣೆಗೆ ಸುರಿದು, ಒಂದೇ ಸಮ ತಿರುವಿದರು. ತುಂಬ ಹೊತ್ತಿನ ಮೇಲೆ ಅದು ಗಟ್ಟಿ ಮಜ್ಜಿಗೆಯಂತಾಯಿತು, ಸೌಟು ಎಳೆದ ಗೆರೆ ಮೇಲೆ ನಿಂತಿತು. ಕಾಗದ ಹಾಸಿದ ಪೆಟ್ಟಿಗೆಗೆ ಸುರಿದರು. ಮರುದಿನ ಗ್ಲೌಸ್ ಹಾಕಿಕೊಂಡೇ ಬಿಲ್ಲೆ ಕತ್ತರಿಸಿ, ಗಾಳಿಯಾಡುವ ಅಟ್ಟಣಿಗೆಯ ಮೇಲೆ ಜೋಡಿಸಿದರು.

"ಒಂದೂವರೆ ತಿಂಗಳು ಮುಟ್ಟಬೇಡಿ. ಹಣ್ಣಿನ ಹಾಗೆ ಇದೂ ಮಾಗಬೇಕು," ಅಂದಳು ನಾದಿನಿ. "ನಾನು ತಕ್ಕಡಿ ತಗೊಂಡು ಹೋಗ್ತೀನಿ, ಅದು ಸಂಘದ್ದು. ಮುಂದಿನ ರಜೆಗೆ ಬರ್ತೀನಿ. ಅಲ್ಲೀತನಕ ಎಣ್ಣೆ ಡಬ್ಬದಲ್ಲಿ ತುಂಬಿಡಿ, ಅಷ್ಟೇ. ನೀವಾಗಿ ಮಾಡೋಕೆ ಹೋಗಬೇಡಿ."

ಬಾಣಲೆ ಅಕ್ಕ ಹುಟ್ಟಿದಾಗಿನಿಂದ ಏನನ್ನೂ ತೂಗಿ ಹಾಕಿದವಳಲ್ಲ. ಉಪ್ಪು, ಖಾರ, ಹಿಟ್ಟು ಎಲ್ಲ ಕೈ ಅಳತೆ. ಆ ಕೈ ಅಳತೆಗೇ ಗಿರಾಕಿಗಳು ಬರುತ್ತಿದ್ದರು. ಎಣ್ಣೆಯ ಡಬ್ಬಗಳು ತುಂಬಿ ಬಾಗಿಲಿಗೆ ಅಡ್ಡವಾದಾಗ, ಉಳಿದಿದ್ದ ಕಾಸ್ಟಿಕ್ಕು ತೆಗೆದು ಒಬ್ಬಳೇ ಕೂತಳು. ಕಣ್ಣಂದಾಜಿನಲ್ಲಿ ಹಾಕಿದಳು. ಎಷ್ಟು ತಿರುವಿದರೂ ಗಟ್ಟಿಯಾಗಲಿಲ್ಲ. ಹಿಟ್ಟು ನೀರಾದರೆ ಕರಿಯುವವಳು ಏನು ಮಾಡುತ್ತಾಳೆ? ಇನ್ನೊಂದು ಹಿಡಿ ಹಿಟ್ಟು ಹಾಕುತ್ತಾಳೆ. ಅವಳು ಇನ್ನೊಂದು ಚಮಚ ಕಾಸ್ಟಿಕ್ಕು ಕಲಸಿ ಹಾಕಿದಳು. ಆಮೇಲೆ ಮತ್ತೊಂದು.

ಸೋಪು ಬೇಗನೇ ಕಲ್ಲಾಯಿತು. ಬೆಳ್ಳಗೆ, ಅಂದವಾಗಿತ್ತು. ಅವಳಿಗೆ ಹೆಮ್ಮೆಯೇ ಆಯಿತು. ಬರಿಗೈಯಲ್ಲಿ ಕತ್ತರಿಸಿ, ಮಾಗಲು ಬಿಡದೆ, ಅಂಗಡಿಯ ಜಿಡ್ಡು ಬಟ್ಟೆಗಳನ್ನೆಲ್ಲ ಅದರಲ್ಲೇ ಉಜ್ಜಿದಳು. ಮೊದಲು ಕೈ ಜಾರಿತು, ಆಮೇಲೆ ಉರಿಯಿತು. ಸಂಜೆಗೆ ಎರಡೂ ಅಂಗೈಯ ಚರ್ಮ ಸುಲಿದುಕೊಂಡಿತ್ತು. ಸುದ್ದಿ ತಿಳಿದು ಓಡಿಬಂದ ನಾದಿನಿ ಬೈಯುವ ಮೊದಲು ನಲ್ಲಿಯ ಕೆಳಗೆ ಅವಳ ಕೈ ಹಿಡಿಸಿ, ಸಾಕು ಸಾಕು ಎಂದರೂ ಬಿಡದೆ ತುಂಬ ಹೊತ್ತು ನೀರು ಬಿಟ್ಟಳು. ಆಮೇಲೆ ಆಸ್ಪತ್ರೆ. ಅದೇ ಡಾಕ್ಟರು.

"ಉರಿದ ತಕ್ಷಣ ಹೀಗೆ ನೀರಿಗೆ ಹಿಡಿದಿದ್ರೆ ಇಷ್ಟು ಆಗ್ತಿರಲಿಲ್ಲ," ಅಂದರು ಡಾಕ್ಟರು. "ಇಲ್ಲಿಗೆ ಬರೋಕೂ ಸಂಜೆವರೆಗೆ ಕಾಯಬಾರದಿತ್ತು."

"ಒಂದೇ ಮನೇಲಿ ಮೂರು ಪಟ್ಟಿ," ಅವರು ಓಣಿಗೆ ಮರಳಿದಾಗ ದರ್ಜಿ ಅಂದ. "ಇನ್ನು ಗಂಡ-ಹೆಂಡ್ತಿ ಜಗಳ ಆದ್ರೆ ಕೈ ಎತ್ತೋರೇ ಇಲ್ಲ."

ಆಮೇಲೆ ತನ್ನ ಮನೆಗೆ ಹೋಗಿ ಅವರಿಗೆ ಅನ್ನ ಬೇಯಿಸಿ ತಂದ.

ಅಂಗಡಿ ಮುಚ್ಚಿತ್ತು. ಬಾಣಲೆ ಅಕ್ಕನ ಎಣ್ಣೆ ಮೋರಿಗೆ ಬೀಳುತ್ತಿರಲಿಲ್ಲ. ಆದರೂ ನೀರು ನಿಧಾನವಾಗತೊಡಗಿತು. ಹಿಂಬಾಗಿಲಲ್ಲಿ ಕೂತು ಅವಳು ನೋಡುತ್ತಿದ್ದಳು. ಪಕ್ಕದ ಹೋಟೆಲಿನ ತೂತಿನಿಂದ ದಿನವೂ ಹಳದಿ ಜಿಡ್ಡು ಇಳಿಯುತ್ತಿತ್ತು, ಅವಳದಕ್ಕಿಂತ ಎಷ್ಟೋ ಹೆಚ್ಚು. ಇಷ್ಟು ದಿನ ಅದನ್ನು ಕಂಡೂ ಒಳ್ಳೆಯದೇ ಎಂದುಕೊಂಡಿದ್ದಳು. ಪಟ್ಟಿ ಕಟ್ಟಿದ ಕೈಯಲ್ಲೇ ಹೋಟೆಲಿನ ಯಜಮಾನನ ಮುಂದೆ ನಿಂತಳು.

"ಯಜಮಾನ್ರೇ, ಹಳೆ ಎಣ್ಣೆ ಮೋರಿಗೆ ಬಿಡಬೇಡಿ. ಡಬ್ಬದಲ್ಲಿ ಹಾಕಿಡಿ, ನಾನೇ ಬಂದು ತಗೊಂಡು ಹೋಗ್ತೀನಿ."

"ಯಾಕಮ್ಮ, ಸೋಪು ಮಾಡಿ ಸಾಹುಕಾರ್ತಿ ಆಗ್ತೀಯಾ? ಕೈ ನೋಡಿದ್ರೆ ಗೊತ್ತಾಗುತ್ತೆ ಎಂಥಾ ಸೋಪು ಅಂತ."

"ಸೋಪು ಆಗದಿದ್ರೂ ಪರವಾಗಿಲ್ಲ. ಮೋರಿ ಕಟ್ಟುತ್ತೆ. ಕಟ್ಟಿದ್ರೆ ನಮ್ಮೆಜಮಾನ್ರು ಇಳೀಬೇಕು. ಅವರ ಕೈ ಇನ್ನೂ ಮಾಗಿಲ್ಲ."

"ಮೋರಿ ಕಟ್ಟಿದ್ರೆ ತೆಗೆಯೋಕೆ ತಾನೇ ಅವನಿಗೆ ಸಂಬಳ ಕೊಡೋದು?" ಅಂದ ಯಜಮಾನ. ಅವನಿಗೆ ಸಿಟ್ಟಿರಲಿಲ್ಲ. ಗಿರಾಕಿಗೆ ಚಿಲ್ಲರೆ ಎಣಿಸುತ್ತ ಹೇಳಿದ.

ಅದೇ ವಾರ ಮೋರಿ ಕಟ್ಟಿತು. ದರ್ಜಿಯ ಮನೆಗೆ ಮತ್ತೆ ನೀರು. ಈ ಸಲ ಹೋಟೆಲಿನ ಅಡುಗೆಮನೆಯ ನೆಲದ ತೂತಿನಿಂದಲೂ ನೀರು ಹಿಂದಕ್ಕೆ ಉಕ್ಕಿತು. ಮೇಸ್ತ್ರಿ ಬಂದು ಬಾಗಿಲಲ್ಲಿ ನಿಂತ.

ದರ್ಜಿ ಸಲಾಕೆ ತಾನೇ ಕಸಿದುಕೊಂಡು ಕುಟ್ಟಿದ. ಬೆವರಿಳಿಯಿತು, ಗಡ್ಡೆ ಇಳಿಯಲಿಲ್ಲ. "ಭಾವ, ನೀವು ಬರಬೇಡಿ, ನಾನೇ ನೋಡ್ತೀನಿ," ಅನ್ನುತ್ತಲೇ ಇದ್ದ. ಬಾಣಲೆ ಅಕ್ಕ ಗಂಡನ ಅಂಗಿ ಹಿಡಿದಳು.

"ಹೋಗಬೇಡಿ. ಕೆಲಸ ಹೋದ್ರೆ ಹೋಗಲಿ."

"ನಾನು ಹೋಗದಿದ್ರೆ ಮೇಸ್ತ್ರಿ ಯಾವನೋ ಹೊಸಬನ್ನ ಕರ್ಕೊಂಡು ಬರ್ತಾನೆ," ಅಂದ ಮೋರಿಯಣ್ಣ. "ಅವನಿಗೂ ಗ್ಲೌಸ್ ಕೊಡಲ್ಲ."

ಪಟ್ಟಿಯ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೋದ. ಎಡಗೈಯಲ್ಲೇ ಮಾಡಲು ನೋಡಿದ. ಆಗಲಿಲ್ಲ. ಬಲಗೈ ಇಳಿಸಿದ. ಚೀಲ ಮೊದಲನೇ ಗಡ್ಡೆಗೇ ಹರಿಯಿತು. ಅವನು ಮೋರಿ ತೆಗೆದು ಮುಗಿಸಿದ.

ಎರಡು ಬೆರಳು ತೆಗೆಯಬೇಕಾಯಿತು. ಡಾಕ್ಟರು ಮಾತು ಕೊಟ್ಟಿರಲಿಲ್ಲ, ಆದ್ದರಿಂದ ಅವರನ್ನು ಕೇಳುವ ಹಾಗೂ ಇರಲಿಲ್ಲ.

ಹೋಟೆಲಿನ ಯಜಮಾನನಿಗೆ ಬುದ್ಧಿ ಬಂತು. ಬೆರಳು ಹೋದದ್ದು ನೋಡಿ ಬಂದದ್ದಲ್ಲ. ಅಡುಗೆಮನೆಗೆ ಮೋರಿ ನೀರು ನುಗ್ಗಿ, ಬಂದ ಗಿರಾಕಿ ಮೂಗು ಮುಚ್ಚಿಕೊಂಡು ಎದ್ದುಹೋದ ಮೇಲೆ ಬಂತು. ಹೇಗೋ ಬಂತಲ್ಲ. ಸಿಂಕಿನ ಬಾಯಿಗೆ ಜಾಲರಿ ಹಾಕಿಸಿದ. ಕರಿದ ಎಣ್ಣೆಯನ್ನು ಡಬ್ಬದಲ್ಲಿ ತುಂಬಿ ಹಿಂಬಾಗಿಲಲ್ಲಿ ಇಡತೊಡಗಿದ. ಅವನನ್ನು ನೋಡಿ ಉಳಿದ ಅಂಗಡಿಯವರೂ ಇಟ್ಟರು.

ಮೋರಿಯಣ್ಣನ ಕೈಗೆ ಇನ್ನು ಸಲಾಕೆ ಹಿಡಿಯುವ ಶಕ್ತಿ ಇಲ್ಲ. ಬೀದಿ ಗುಡಿಸುವ ಕೆಲಸ ಉಳಿಯಿತು, ಅದೂ ದಿನಬಿಟ್ಟು ದಿನ. ಹೆಂಡತಿಯ ಅಂಗೈಗಳು ಮಾಗಿದವು. ಅವಳು ಸೋಪಿನ ಸಾಮಾನು ತೆಗೆದಾಗಲೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದ. "ಆ ಎಣ್ಣೆ ಮುಟ್ಟಿದ್ದು ಯಾವುದೂ ನನಗೆ ಬೇಡ," ಎಂದು ಒಂದು ಸಲ ತಂಗಿಗೆ ಹೇಳಿದ. ತಂಗಿ ಬಲವಂತ ಮಾಡಲಿಲ್ಲ.

ಒಂದು ದಿನ ಅತ್ತಿಗೆ-ನಾದಿನಿ ಬಯಲಲ್ಲಿ ಕೂತಿದ್ದರು. ಹೋಟೆಲಿನ ಎಣ್ಣೆಯ ಡಬ್ಬ ಪಕ್ಕದಲ್ಲಿತ್ತು. ತಕ್ಕಡಿ ಮುಂದಿದ್ದರೂ ಬಾಣಲೆ ಅಕ್ಕನ ಕೈ ಅಭ್ಯಾಸಬಲದಿಂದ ಕಾಸ್ಟಿಕ್ಕಿನ ಡಬ್ಬದಿಂದ ನೇರವಾಗಿ ನೀರಿನ ಕಡೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಮೋರಿಯಣ್ಣ ನೋಡಿದ.

"ತೂಗು," ಅಂದ.

ಅವಳು ಕೈ ತಡೆದಳು.

ಅವನು ಬಂದು ಕೂತ. ತಂಗಿ ಅವನ ಎಡಗೈಗೆ ಗ್ಲೌಸ್ ಹಾಕಿದಳು. ಇಷ್ಟು ವರ್ಷದ ಕೆಲಸದಲ್ಲಿ ಅವನ ಕೈಗೆ ಬಂದ ಮೊದಲ ಗ್ಲೌಸ್ ಅದು. ತಕ್ಕಡಿ ತನ್ನ ಕಡೆ ಎಳೆದುಕೊಂಡು, ಎಡಗೈಯಲ್ಲಿ ಚಮಚ ಹಿಡಿದು, ಮುಳ್ಳು ನೂರ ಮೂವತ್ತಕ್ಕೆ ನಿಲ್ಲುವವರೆಗೆ ಹಾಕಿದ. ಸ್ವಲ್ಪ ಹೆಚ್ಚಾಯಿತು. ವಾಪಸ್ಸು ತೆಗೆದ.

"ಈ ಕೆಲಸ ನಾನು ಮಾಡ್ತೀನಿ," ಅಂದ. "ನಿನ್ನ ಕೈ ಅಳತೆ ಸಾಕು ನನಗೆ."

ಅದು ತಮಾಷೆಯೋ, ಬೈಗುಳವೋ ಅವಳಿಗೆ ತಿಳಿಯಲಿಲ್ಲ. ಎರಡೂ ಇರಬಹುದು. ಅವನು ಎದ್ದು ಹೋಗಲಿಲ್ಲ, ಅಷ್ಟು ಸಾಕಾಯಿತು.

ಆಮೇಲಿನಿಂದ ತೂಕ ಅವನದು, ತಿರುವುವುದು ಅವಳದು. ಮಾಗಿದ ಬಿಲ್ಲೆಗಳು ಮಂದ ಹಳದಿ, ನೋಡಲು ಚೆಂದವೇನಿಲ್ಲ. ಪಾತ್ರೆಯ ಜಿಡ್ಡು ಹೋಗುತ್ತದೆ, ಬಟ್ಟೆ ಶುಭ್ರವಾಗುತ್ತದೆ, ಕೈ ಉರಿಯುವುದಿಲ್ಲ. ಹೋಟೆಲಿನವನು ಪಾತ್ರೆ ತೊಳೆಯಲು ಅದನ್ನೇ ಕೊಳ್ಳುತ್ತಾನೆ. ದರ್ಜಿಯ ಮನೆಗೆ ನೀರು ಬಂದು ಬಹಳ ಕಾಲವಾಯಿತು. ಮೋರಿಯಣ್ಣ ಈಗಲೂ ಎದ್ದ ತಕ್ಷಣ ಚಪ್ಪಡಿಯ ಸಂದಿಗೆ ಕಿವಿ ಕೊಡುತ್ತಾನೆ. ನೀರು ಓಡುವ ಸದ್ದು ಕೇಳಿದ ಮೇಲೆಯೇ ಅವನು ಕೈ ತೊಳೆಯುವುದು. ಮೂರು ಬೆರಳಿನ ಕೈಯಿಂದ ಸೋಪು ಜಾರಿ ಜಾರಿ ಬೀಳುತ್ತದೆ. ಅವನು ಬಗ್ಗಿ ಎತ್ತಿಕೊಳ್ಳುತ್ತಾನೆ.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ಎಣ್ಣೆ ಮೋರಿಯನ್ನು ಜಾರಿಸುವುದಿಲ್ಲ, ಕಟ್ಟುತ್ತದೆ. ಬಿಸಿನೀರು ಬಿಟ್ಟರೂ ಅದು ನಿಮ್ಮ ಮನೆ ದಾಟಿ ಮುಂದಿನ ಮನೆಯ ಹತ್ತಿರ ಗಟ್ಟಿಯಾಗುತ್ತದೆ, ಅಷ್ಟೇ. ಇವತ್ತು ಬಾಣಲೆ ಇಳಿಸಿದ ಮೇಲೆ ಎಣ್ಣೆ ಆರಲು ಬಿಡಿ, ಸೋಸಿ, ಮುಚ್ಚಳವಿರುವ ಡಬ್ಬದಲ್ಲಿ ತುಂಬಿಡಿ. ಪಾತ್ರೆಯ ಜಿಡ್ಡನ್ನು ತೊಳೆಯುವ ಮೊದಲು ಕಾಗದದಲ್ಲಿ ಒರೆಸಿ. ನಿಮ್ಮ ಸಂಘದಲ್ಲಿ ಸೋಪು ಮಾಡಲು ಬಲ್ಲವರಿದ್ದರೆ ಎಣ್ಣೆ ಅವರಿಗೆ ಕೊಡಿ. ನೀವೇ ಮಾಡುವುದಾದರೆ ಮೊದಲ ಸಲ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ತಕ್ಕಡಿ ಇಲ್ಲದೆ ಮಾಡಬೇಡಿ. ಕಾಸ್ಟಿಕ್ಕನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಯಾವತ್ತೂ ತುಂಬಿಡಬೇಡಿ, ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ. ಮೈಗೆ ತಗುಲಿದರೆ ತಕ್ಷಣ ನೀರು ಬಿಟ್ಟುಕೊಂಡೇ ಇರಿ, ಆಮೇಲೆ ಆಸ್ಪತ್ರೆಗೆ ಹೋಗಿ. ಸೋಪನ್ನು ಮಾಗಲು ಬಿಡಿ. ಗಾಯದ ಮೇಲೆ ಹಚ್ಚಬೇಡಿ.

ನಿಮ್ಮ ಬೀದಿಯ ಮೋರಿ ತೆಗೆಯುವವನ ಕೈಯಲ್ಲಿ ಗ್ಲೌಸ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅವನನ್ನು ಕೇಳಬೇಡಿ, ಕಚೇರಿಗೆ ಹೋಗಿ ಕೇಳಿ.

ಬಾಣಲೆ ಅಕ್ಕನಿಗೆ ಆ ಮೋರಿಗೆ ಇಳಿಯುವ ಕೈ ಯಾರದೆಂದು ಗೊತ್ತಿತ್ತು. ಗೊತ್ತಿದ್ದೂ ಹೀಗಾಯಿತು. ನಿಮ್ಮ ಮೋರಿಗೆ ಇಳಿಯುವ ಕೈ ಯಾರದೆಂದು ನಿಮಗೆ ಗೊತ್ತೂ ಇರಲಿಕ್ಕಿಲ್ಲ. ಎಣ್ಣೆ ಬಿಡುವ ಮೊದಲು, ಅದು ಯಾರದೋ ಕೈ ಎಂಬುದಷ್ಟು ನೆನಪಿರಲಿ.